ಧೂಪ ಬಂದ ಮೇಲೆ

ನಾಲ್ಕು ಗಂಟೆಗೆ ಇನ್ನು ಹದಿನೈದು ನಿಮಿಷ. ಜುವೈನಾ ಗೋಡೆ ಗಡಿಯಾರ ನೋಡಿದಳು, ಅದನ್ನು ನಂಬದೆ ಕೈಗಡಿಯಾರವನ್ನೂ ನೋಡಿದಳು. ಎರಡೂ ಒಂದೇ ಹೇಳಿದವು.

ನಾಲ್ಕೂವರೆಯೊಳಗೆ ಈ ಆರು ಜನರನ್ನು ಮತ್ರಾಹ್ ಬಂದರಿನ ಗೇಟು ದಾಟಿಸದಿದ್ದರೆ ಗೈಡ್ ಕೆಲಸದ ಆಸೆ ಇವತ್ತಿಗೇ ಮುಗಿದಂತೆ. ಇದು ಅವಳ ಪರೀಕ್ಷೆಯ ದಿನ. ಹಡಗು ಹೊರಡುವುದು ಐದಕ್ಕೆ, ಆದರೆ ಮೇಲ್ವಿಚಾರಕ ಹಮೂದ್ ನಾಲ್ಕೂವರೆಗೇ ಪಟ್ಟಿ ಹಿಡಿದು ಗೇಟಿನಲ್ಲಿ ನಿಂತಿರುತ್ತಾನೆ.

ಆ ಆರು ಜನ ಡೆನ್ಮಾರ್ಕಿನ ಪ್ರವಾಸಿಗರು ಮಾತ್ರ ಅವಳ ಸೋದರತ್ತೆ ರಯ್ಯಾಳ ಪಡಸಾಲೆಯಲ್ಲಿ, ಜಮಖಾನದ ಮೇಲೆ ದಿಂಬಿಗೊರಗಿ ಕೂತು ಬೇರು ಬಿಟ್ಟಿದ್ದರು.

ಬೆಳಗಿನಿಂದ ಎಲ್ಲ ಸರಿಯಾಗಿಯೇ ನಡೆದಿತ್ತು. ಮೀನು ಮಾರುಕಟ್ಟೆ, ಕೋಟೆ, ಬೆಳ್ಳಿ ಅಂಗಡಿಗಳ ಓಣಿ, ಎಲ್ಲೂ ಒಂದು ನಿಮಿಷ ಹೆಚ್ಚುಕಡಿಮೆಯಾಗಿರಲಿಲ್ಲ. ಹಗಲು ಶಾಲೆಯ ಕಚೇರಿಯಲ್ಲಿ ಗುಮಾಸ್ತೆ ಕೆಲಸ ಮಾಡಿ, ಸಂಜೆ ಇಂಗ್ಲಿಷ್ ತರಗತಿಗೆ ಮೂರು ವರ್ಷ ಹೋಗಿ, ಮೌಖಿಕ ಪರೀಕ್ಷೆಯಲ್ಲಿ ಎರಡು ಸಲ ನಪಾಸಾದವಳು ಅವಳು. ಕೋಟೆ ಕಟ್ಟಿದ ಇಸವಿಯಿಂದ ಹಿಡಿದು ಖರ್ಜೂರದ ತಳಿಗಳ ಹೆಸರಿನವರೆಗೆ ನೀಲಿ ನೋಟುಪುಸ್ತಕದ ಹದಿನಾಲ್ಕು ಪುಟ ಬಾಯಿಪಾಠ ಮಾಡಿದ್ದಳು. ಕೊನೆಯ ಭೇಟಿ, ಊರಿನ ಒಂದು ಮನೆಯಲ್ಲಿ ಕಾಫಿ. ಅತ್ತೆಯ ಮನೆಯನ್ನು ಅವಳೇ ಸೂಚಿಸಿದ್ದಳು.

ಈಗ ಮೊಗೆನ್ಸ್ ಎಂಬ ಬಿಳಿಗಡ್ಡದ ಮುದುಕ ಹನ್ನೊಂದನೇ ಬಟ್ಟಲು ಕಾಫಿ ಕುಡಿಯುತ್ತಿದ್ದ.

ಸಾಕಾದವರು ಪುಟ್ಟ ಬಟ್ಟಲನ್ನು ಮೆಲ್ಲಗೆ ಅಲ್ಲಾಡಿಸಿ ಕೊಡಬೇಕು, ಇಲ್ಲದಿದ್ದರೆ ಸುರಿಯುವವರು ಸುರಿಯುತ್ತಲೇ ಇರುತ್ತಾರೆ. ಮತ್ರಾಹ್‌ನಲ್ಲಿ ಮೂರು ವರ್ಷದ ಮಗುವಿಗೂ ಅದು ಗೊತ್ತು. ಅದಕ್ಕೇ ಜುವೈನಾ ಬರೆದುಕೊಂಡಿರಲಿಲ್ಲ. ಏಳನೇ ಬಟ್ಟಲಿಗೆ ನೆನಪಾಗಿ, "ಅಲ್ಲಾಡಿಸಿ" ಎಂದು ಪಿಸುಗುಟ್ಟಿದ್ದಳು. ಮುದುಕ ಸಂತೋಷದಿಂದ ಅಲ್ಲಾಡಿಸಿದ, ಆದರೆ ಕೊಟ್ಟುಬಿಡದೆ ಮತ್ತೆ ಮುಂದೆ ಚಾಚಿದ. ಅತ್ತೆ ಬಗ್ಗಿ ಇನ್ನಷ್ಟು ಸುರಿದಳು.

"ನಾವು ಹೊರಡಬೇಕು," ಎಂದು ಜುವೈನಾ ಮೊಗೆನ್ಸನ ಹೆಂಡತಿ ಬಿರ್ಟೆಯ ಕಿವಿಯಲ್ಲಿ ಹೇಳಿದಳು.

"ಖಂಡಿತ. ಆದ್ರೆ ಆಕೆ ಕೊಡೋದು ಮುಗೀಲಿ. ಮನೆಯವರಿಗೆ ಬೇಡ ಅನ್ನಬಾರದು ಅಂತ ಬೆಳಿಗ್ಗೆ ನೀವೇ ಹೇಳಿದ್ರಲ್ಲ?"

ಹೇಳಿದ್ದಳು. ಒಂಬತ್ತನೇ ಪುಟದಲ್ಲಿತ್ತು, ಅಡಿಗೆರೆ ಹಾಕಿ.

ನಾಲ್ಕಕ್ಕೆ ಐದು ನಿಮಿಷವಿರುವಾಗ ರಯ್ಯಾ ಎದ್ದು ಒಳಗೆ ಹೋಗಿ ಲೋಬಾನದ ಧೂಪದಾನಿ ತಂದಳು. ಜುವೈನಾಗೆ ಹೋದ ಜೀವ ಬಂತು. ಧೂಪ ಬಂತೆಂದರೆ ಉಪಚಾರ ಮುಗಿಯಿತು. ಗಡ್ಡಕ್ಕೋ ಸೆರಗಿಗೋ ಹೊಗೆ ಹಿಡಿದು, ಹರಸಿ, ಎದ್ದು ಹೋಗಬೇಕು. ಆ ಮೇಲೆ ಯಾರೂ ಕೂರುವುದಿಲ್ಲ. ಧೂಪ ತಾ ಎಂದು ಅವಳೇ ಕೇಳುವಂತಿರಲಿಲ್ಲ, ಅತಿಥಿಗಳ ಕತ್ತು ಹಿಡಿದು ಆಚೆ ದಬ್ಬಿದ ಹಾಗೆ.

ಆದರೆ ಪ್ರವಾಸಿಗರು ಹೋ ಎಂದರು. ಕ್ಯಾಮೆರಾ ತೆಗೆದರು. ಕಾಲು ಚಾಚಿದ್ದವರು ಮಡಿಚಿಕೊಂಡು ಇನ್ನೂ ಹತ್ತಿರ ಸರಿದು ಕೂತರು. ಪೂಜೆಯಂಥದ್ದೇನೋ ಈಗ ಶುರುವಾಗುತ್ತದೆಂದು ಬಿರ್ಟೆ ಕಣ್ಣು ಬೇರೆ ಮುಚ್ಚಿದಳು.

ರಯ್ಯಾ ಒಂದು ಸುತ್ತು ಧೂಪ ಹಿಡಿದಳು. ಕಾದಳು. ಯಾರೂ ಏಳಲಿಲ್ಲ. ಅವಳ ಮುಖ ಸಣ್ಣದಾಯಿತು.

"ಯಾಕೇ, ಇವರು ಏಳಲ್ವಾ?"

"ಏಳ್ತಾರೆ ಅತ್ತೆ."

"ಧೂಪ ಹಿಡಿದ ಮೇಲೂ ಕೂತಿದ್ದಾರೆ ಅಂದ್ರೆ ಹೊಟ್ಟೆ ತುಂಬಿಲ್ಲ ಅಂತ. ನಮ್ಮಪ್ಪನ ಮನೆ ಮಾನ ಕಳೆದೆ ನಾನು. ಹಲ್ವಾ ಕಡಿಮೆ ಆಯ್ತೇನೋ. ಇರು, ಇನ್ನೊಂದು ತಟ್ಟೆ ತರ್ತೀನಿ, ಹೊಸದಾಗಿ ಕಾಫಿನೂ ಇಡ್ತೀನಿ."

"ಅತ್ತೇ, ಬೇಡ!"

"ಬಾಯಿ ಮುಚ್ಚು. ಕೇಳಿಸ್ಕೊಂಡಾರು."

ಅಡುಗೆಮನೆಯಲ್ಲಿ ಒಲೆ ಹತ್ತಿದ ಸದ್ದು. ಬಾಗಿಲಲ್ಲಿ ವ್ಯಾನಿನ ಚಾಲಕ ನಬ್ಹಾನನ ತಲೆ ಕಾಣಿಸಿತು.

"ಜುವೈನಾ ಅಕ್ಕಾ, ಹಡಗು ಆಗ್ಲೇ ಒಂದು ಸಲ ಕೂಗ್ತು. ಇವರನ್ನ ಹಿಂದಕ್ಕೆ ಕಳಿಸ್ತೀಯೋ, ಇಲ್ಲಾ ದತ್ತು ತಗೊಂಡ್ಯೋ?"

"ನಗಬೇಡ ಕಣೋ, ಅಳು ಬರ್ತಿದೆ."

"ಅಳೋದಾದ್ರೆ ವ್ಯಾನಲ್ಲಿ ಅಳು. ಜಾಗ ಇದೆ."

ಈ ಆರು ಜನ ಬೆಳಗಿನಿಂದ ತಾನು ಮಾಡಿದ್ದನ್ನೇ ಮಾಡಿದ್ದಾರೆ ಎಂಬುದು ಅವಳಿಗೆ ಆಗ ಹೊಳೆಯಿತು. ಅವಳು ಚಪ್ಪಲಿ ಬಿಟ್ಟರೆ ಬಿಟ್ಟರು, ಬಲಗೈ ಚಾಚಿದರೆ ಚಾಚಿದರು. ತಾನು ಅತಿಥಿಯಂತೆ ಎದ್ದರೆ ಏಳುತ್ತಾರೆ. ಆದರೆ ಈ ಮನೆಯಲ್ಲಿ ಅವಳು ಯಾವತ್ತೂ ಅತಿಥಿಯಾಗಿರಲಿಲ್ಲ. ಬಂದವರು ಹೋದ ಮೇಲೆ ಬಟ್ಟಲು ತೊಳೆಯುವವಳು ಅವಳು.

ಅತ್ತೆ ಹಲ್ವಾ ತಟ್ಟೆ ಹಿಡಿದು ಬರುವಷ್ಟರಲ್ಲಿ ಜುವೈನಾ ಎದ್ದು ನಿಂತಿದ್ದಳು. ಧೂಪದಾನಿಯನ್ನು ತಾನೇ ಎತ್ತಿಕೊಂಡು ತಲೆವಸ್ತ್ರದ ಕೆಳಗೆ ಹಿಡಿದಳು. ಅತ್ತೆಯ ಹಣೆಗೆ ಮುತ್ತಿಟ್ಟು, "ನಿನ್ನ ಮನೆ ಸದಾ ತುಂಬಿರಲಿ. ನಮಗೆ ಅಪ್ಪಣೆ ಕೊಡು," ಎಂದಳು.

"ನಮಗೆ ಅಂದ್ರೆ?" ಅತ್ತೆಯ ಕೈಯಲ್ಲಿ ತಟ್ಟೆ ಹಾಗೇ ನಿಂತಿತು. "ನೀನ್ಯಾವಾಗಿಂದ ಹೊರಗಿನವಳಾದೆ?"

ಆರೂ ಜನ ದಡಬಡ ಎದ್ದರು. ಹೊಗೆಯನ್ನು ಅಂಗಿಯೊಳಗೆ, ಟೋಪಿಯೊಳಗೆ ತುಂಬಿಕೊಂಡರು. ಮೊಗೆನ್ಸ್ ಅಂತೂ ಅತ್ತೆಯ ಹಣೆಯತ್ತಲೇ ಬಾಗಿದ.

"ಅದು ಬೇಡ!" ಎಂದು ಜುವೈನಾ ಕಿರುಚಿದಳು. ಪರಪುರುಷನ ಗಡ್ಡ ಒಂದು ಗೇಣು ದೂರದಲ್ಲಿ ನಿಂತಿತು. ಅವನು ಗಾಬರಿಯಿಂದ ಕೈಯನ್ನು ಎದೆಗಿಟ್ಟುಕೊಂಡ. ಅತ್ತೆ ತಟ್ಟೆಯನ್ನು ಗುರಾಣಿಯಂತೆ ಹಿಡಿದಿದ್ದಳು.

ಕಡಲ ದಂಡೆಯ ರಸ್ತೆಯಲ್ಲಿ ವಾಹನಗಳು ಇರುವೆ ಸಾಲಿನಂತೆ ತೆವಳುತ್ತಿದ್ದವು. ಗೇಟು ಮುಟ್ಟಿದಾಗ ನಾಲ್ಕು ಮೂವತ್ತೆಂಟು. ಹಮೂದ್ ಅವಳ ಮುಖ ನೋಡಲಿಲ್ಲ, ಗಡಿಯಾರ ನೋಡಿದ.

"ಎಂಟು ನಿಮಿಷ."

"ಧೂಪ ಬಂತು. ಅವರು ಏಳಲೇ ಇಲ್ಲ."

ಅವನ ಪೆನ್ನು ನಿಂತಿತು. "ಧೂಪ ಬಂದ ಮೇಲೂ?"

"ಹೂಂ."

"ಮೊದಲೇ ಹೇಳಿರಲಿಲ್ವಾ?"

"ಅದನ್ನೂ ಹೇಳಬೇಕಾಗುತ್ತೆ ಅಂತ ಹೊಳೀಲಿಲ್ಲ."

ಅವನಿಗೆ ನಗು ಬಂದಿರಬೇಕು, ಅಥವಾ ಸಿಟ್ಟು. "ಸಂಜೆ ತಿಳಿಸ್ತೀನಿ," ಎಂದಷ್ಟೇ ಹೇಳಿ ಪಟ್ಟಿ ಮಡಚಿದ.

ಹಡಗು ಬಂದರು ಬಿಡುವ ಹೊತ್ತಿಗೆ ಜುವೈನಾ ಮತ್ತೆ ಅತ್ತೆಯ ಮನೆಗೆ ಬಂದಿದ್ದಳು. ಬಟ್ಟಲುಗಳು ತೊಳೆಯದೆ ಕಾದಿದ್ದವು. ಬಟ್ಟಲೆಲ್ಲ ತೊಳೆದಾದ ಮೇಲೆ ರಯ್ಯಾ ಒಂದನ್ನು ತುಂಬಿ ಮುಂದೆ ಹಿಡಿದಳು. ಮುನಿಸು ಅರ್ಧ ಇಳಿದಿದೆ ಎಂದರ್ಥ. ಜುವೈನಾ ಫೋನನ್ನು ಮಡಿಲಲ್ಲಿಟ್ಟುಕೊಂಡು ಕುಡಿದಳು, ಚಾಚಿದಳು, ಮತ್ತೆ ಕುಡಿದಳು.

"ಐದು ಬಟ್ಟಲಾಯ್ತು," ಎಂದಳು ಅತ್ತೆ. "ಆ ಗಡ್ಡದವನ ಗಾಳಿ ಬಡಿದಿದೆಯೇನೇ?"

ಫೋನು ಮಿನುಗಿತು. ಹಮೂದ್ ಎರಡೇ ಸಾಲು ಬರೆದಿದ್ದ: ಗುರುವಾರ ಒಂಬತ್ತು ಜನ. ಮನೆ ಭೇಟಿ ಬೇಡ.

"ಏನಂತೆ?"

"ಗುರುವಾರ ಮತ್ತೆ ಬಾ ಅಂದಿದ್ದಾರೆ. ಒಂಬತ್ತು ಜನ."

"ಒಂಬತ್ತಾ!" ರಯ್ಯಾ ನೆಟ್ಟಗೆ ಕೂತಳು. "ಈ ಸಲ ಹಲ್ವಾ ಎರಡು ತಟ್ಟೆ ಮಾಡ್ಸಿ ಇಡ್ತೀನಿ. ಯಾರೂ ಹಸಿದು ಕೂರಬಾರದು ನೋಡು."

ಎರಡನೇ ಸಾಲು ಅತ್ತೆಗೆ ಕಾಣದಂತೆ ಜುವೈನಾ ಫೋನನ್ನು ಮಗುಚಿಟ್ಟಳು. ಬಟ್ಟಲು ಅಲ್ಲಾಡಿಸಲಿಲ್ಲ, ಮತ್ತೆ ಚಾಚಿದಳು.