ಬಾಜೂಕ ಇಟ್ಟ ದೀಪ

ನವಲಗುಂದದ ಅಂಚಿನಲ್ಲಿರುವ ಈರಬಸಪ್ಪನ ಹಳೆಯ ಅರಳೆ ಗೋದಾಮಿನಲ್ಲಿ ಅವನ ಮಗಳು ಸೌಂದರ್ಯಾ ಏರ್ ಪಿಸ್ತೂಲಿನ ಅಭ್ಯಾಸ ಮಾಡುತ್ತಿದ್ದಳು. ಕಲಿಸುತ್ತಿದ್ದವರು ಮಲಿಕಾಬಿ. ಪೊಲೀಸ್ ಇಲಾಖೆಯಿಂದ ನಿವೃತ್ತರಾಗಿ ಊರಿಗೆ ಮರಳಿದ ಅವರು ಒಂದು ಕಾಲಕ್ಕೆ ಗುರಿ ಸ್ಪರ್ಧೆಗಳಲ್ಲಿ ಹೆಸರು ಮಾಡಿದ್ದರು.

ಸೌಂದರ್ಯಾಗೆ ಹುಟ್ಟಿನಿಂದಲೇ ಕಿವಿ ಮಂದ. ಕಿವಿಗೆ ಯಂತ್ರ ಹಾಕಿಕೊಂಡು, ಎದುರಿನವರ ತುಟಿ ನೋಡುತ್ತ ಮಾತು ತಿಳಿದುಕೊಳ್ಳುತ್ತಿದ್ದಳು. ಆ ವರ್ಷ ಅವಳು ಕಿವುಡರ ರಾಜ್ಯ ಸ್ಪರ್ಧೆಗೆ ಹೋಗುವುದೆಂದು ನಿಶ್ಚಯವಾಯಿತು. ಅಲ್ಲಿ ಯಾರೂ ಯಂತ್ರ ಹಾಕಿಕೊಳ್ಳುವಂತಿಲ್ಲ. ಅಂತಿಮ ಸುತ್ತಿನಲ್ಲಿ ಒಂದೊಂದು ಗುಂಡನ್ನೂ ಕೊಟ್ಟ ವೇಳೆಯೊಳಗೆ ಹೊಡೆಯಬೇಕು. ಅಲ್ಲಿಯವರೆಗೆ ಮಲಿಕಾಬಿ ಮೊಬೈಲಿನ ಸದ್ದಿನಿಂದ ವೇಳೆ ತಿಳಿಸುತ್ತಿದ್ದರು. ಯಂತ್ರ ತೆಗೆದ ಮೇಲೆ ಅದು ಅವಳಿಗೆ ಕೇಳಿಸುವಂತಿರಲಿಲ್ಲ. ಹೀಗಾಗಿ ಹುಬ್ಬಳ್ಳಿಗೆ ಹೋಗಿ ಎರಡು ಟೈಮರ್ ತಂದರು, ಯಾವುದು ಸರಿ ಹೋಗುತ್ತದೋ ನೋಡಿ ಇಟ್ಟುಕೊಳ್ಳೋಣವೆಂದು.

ಮೊದಲನೆಯದು ನಡುವಿಗೆ ಕಟ್ಟುವ ಪಟ್ಟಿ. ವೇಳೆ ಶುರುವಾದಾಗ ಒಮ್ಮೆ, ಮುಗಿದಾಗ ಒಮ್ಮೆ ಅದು ನಡುಗುತ್ತಿತ್ತು. ಸೌಂದರ್ಯಾ ಒಂದು ಗುಂಡು ಹೊಡೆದು ನಕ್ಕುಬಿಟ್ಟಳು.

"ಹೊಟ್ಟ್ಯಾಗ ಕಪ್ಪಿ ಕುಣದಂಗ ಆಕ್ಕೈತ್ರಿ ಮೇಡಂ. ಉಸಿರು ಹಿಡಿಯಾಕ ಆಗವಲ್ದು."

ಎರಡನೆಯದು ಹಸಿರು ದೀಪದ ಸಣ್ಣ ಡಬ್ಬಿ. ಸ್ಪರ್ಧೆಯಲ್ಲಿ ವೇಳೆ ತಿಳಿಸುವ ದೀಪ ಇರುವ ಹಾಗೆಯೇ ಮಲಿಕಾಬಿ ಅದನ್ನು ಗುರಿಹಲಗೆಯ ಎಡಕ್ಕೆ, ಗೋಡೆಯ ಹತ್ತಿರ ಸ್ಟೂಲಿನ ಮೇಲೆ ಇಟ್ಟರು. ಸೌಂದರ್ಯಾ ಪಿಸ್ತೂಲು ಕೆಳಗೆ ಹಿಡಿದು, ಗುರಿಯ ಮೇಲೆ ಕಣ್ಣು ನೆಟ್ಟು ಕಾಯ್ದಳು. ದೀಪ ಹತ್ತಿತು. ಅವಳು ಕೈ ಎತ್ತಲಿಲ್ಲ.

ಮಲಿಕಾಬಿ ಅವಳ ಎದುರಿಗೆ ಬಂದು ನಿಂತರು. "ಯಾಕವಾ, ದೀಪ ಹತ್ತಿತ್ತಲ್ಲ?"

"ಹತ್ತಿತ್ತೇನ್ರಿ? ನನಗ ಕಾಣ್ಲಿಲ್ಲ."

ಸ್ಟೂಲನ್ನು ಗುರಿಯ ಕಡೆಗೆ ಸರಿಸಿದರು. ಕಾಣಲಿಲ್ಲ. ಇನ್ನಷ್ಟು ಸರಿಸಿದರು. ಬಲಕ್ಕೆ ಇಟ್ಟು ನೋಡಿದರು. ಡಬ್ಬಿ ಗುರಿಹಲಗೆಗೆ ತಾಗುವಷ್ಟು ಹತ್ತಿರ ಬಂದ ಮೇಲೆ ಸೌಂದರ್ಯಾ, "ಹಾಂ, ಈಗ ಬಂತ್ರಿ" ಎಂದು ಖುಷಿಯಿಂದ ಕೈ ಎತ್ತಿದಳು. ಗುಂಡು ನಟ್ಟ ನಡುವೆ ಬಿತ್ತು.

ಮಲಿಕಾಬಿಗೆ ಖುಷಿಯಾಗಲಿಲ್ಲ. ಹುಡುಗಿ ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳುವುದು, ಬದಿಗಿಟ್ಟ ಚಹಾದ ಕಪ್ಪು ಚೆಲ್ಲುವುದು, ಹೊತ್ತು ಮುಳುಗಿದರೆ ಮೆಟ್ಟಿಲು ಎಡವುವುದು ಎಲ್ಲವೂ ನೆನಪಾಯಿತು. ಅದನ್ನೆಲ್ಲ ಮನೆಯವರು ಅವಸರದ ಸ್ವಭಾವವೆಂದು ಬಯ್ದು ಬಿಟ್ಟಿದ್ದರು. ಮರುದಿನವೇ ಮಲಿಕಾಬಿ ತಾಯಿ ಮಗಳಿಬ್ಬರನ್ನೂ ಹುಬ್ಬಳ್ಳಿಯ ಕಣ್ಣಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು.

ಡಾಕ್ಟರು ಪರೀಕ್ಷೆಗಳನ್ನೆಲ್ಲ ಮುಗಿಸಿ, ಸೌಂದರ್ಯಾಗೆ ತಿಳಿಯಲೆಂದು ಅವಳ ಮುಖ ನೋಡಿ ನಿಧಾನವಾಗಿ ಹೇಳಿದರು. ಕಿವಿಯದೂ ಕಣ್ಣಿನದೂ ಒಂದೇ ರೋಗ, ಹುಟ್ಟಿನಿಂದ ಬಂದದ್ದು. ನೋಟ ಅಂಚಿನಿಂದ ಕಿರಿದಾಗುತ್ತ ಬರುತ್ತದೆ. ನಡುವಿನದು ಕೊನೆಗೆ ಹೋಗುತ್ತದೆ.

"ಔಷಧ ಏನರ ಐತೇನ್ರಿ? ಆಪರೇಷನ್?" ಎಂದು ತಾಯಿ ಮಹಾನಂದಾ ಕೇಳಿದಳು.

"ಸದ್ಯಕ್ಕ ಏನೂ ಇಲ್ರೀ."

"ಮತ್ತ ಎಷ್ಟು ವರ್ಷ ಕಾಣ್ತೈತ್ರಿ?"

"ಅದನ್ನ ಹೇಳಾಕ ಬರೂದಿಲ್ಲವಾ."

ಮಹಾನಂದಾ ಕಿಟಕಿಯ ಕಡೆ ಮುಖ ತಿರುಗಿಸಿದಳು. "ಕಣ್ಣು ಹೋದ ಮ್ಯಾಲೆ ನಾ ಆಕಿ ಜೋಡಿ ಹೆಂಗ ಮಾತಾಡ್ಲಿ?" ಎಂದಳು. ಅವಳ ತುಟಿ ಮಗಳಿಗೆ ಕಾಣಲಿಲ್ಲ. ಬಸ್ಸಿನಲ್ಲಿ ಸೌಂದರ್ಯಾ, "ಅವ್ವ ಏನಂದಳ್ರಿ?" ಎಂದು ಕೇಳಿದಾಗ ಮಲಿಕಾಬಿ, "ಊಟದ್ದೇನೋ ಅಂದ್ಳು" ಎಂದು ಸುಳ್ಳು ಹೇಳಿದರು.

ಸೌಂದರ್ಯಾ ಕೆಲವು ದಿನ ಗೋದಾಮಿನ ಕಡೆ ಸುಳಿಯಲಿಲ್ಲ. ಮತ್ತೆ ಬಂದಾಗ ಮಲಿಕಾಬಿ ನಡುಪಟ್ಟಿಯನ್ನು ಮೇಜಿನ ಮೇಲೆ ತೆಗೆದಿಟ್ಟಿದ್ದರು.

"ಇದನ್ನಽ ಇಟ್ಕೊಳ್ಳೂಣು. ಕಣ್ಣಿಂದ ಇದಕ್ಕೇನೂ ಕೆಲಸಿಲ್ಲ. ಮುಂದನೂ ನಡೀತೈತಿ."

"ಬ್ಯಾಡ್ರಿ ಮೇಡಂ. ಗುರಿ ಹತ್ರದ ದೀಪನೂ ಕಾಣದ ಮ್ಯಾಲೆ ನನಗ ಗುರಿ ಎಲ್ಲಿ ಕಾಣ್ತೈತ್ರಿ? ಆಗ ವೇಳೆ ಗೊತ್ತಾಗಿ ಏನ್ ಮಾಡ್ಲಿ?"

ದೀಪದ ಡಬ್ಬಿಯನ್ನು ಅವಳೇ ಎತ್ತಿಕೊಂಡು ಹೋಗಿ ಗುರಿಯ ಕೆಳಗೆ ತಂತಿಯಿಂದ ಕಟ್ಟಿದಳು.

"ಸ್ಪರ್ಧೆದಾಗ ಅಲ್ಲಿ ಇಡಾಕ ಬಿಡಂಗಿಲ್ಲವಾ."

"ಗೊತ್ತೈತ್ರಿ. ನಾ ಹೋಗಂಗಿಲ್ಲ. ನೀವು ಬಟನ್ ಒತ್ರಿ."

ಸ್ಪರ್ಧೆಯ ದಿನವೂ ಅವರಿಬ್ಬರು ಆ ಗೋದಾಮಿನಲ್ಲೇ ಇದ್ದರು. ಅವಳು ಎಂದಿನಂತೆ ಚೆನ್ನಾಗಿ ಹೊಡೆದಳು. ಮಲಿಕಾಬಿ ಹೊಗಳಲಿಲ್ಲ, ಅವಳೂ ಗುರಿಯ ಕಾಗದ ತೆಗೆದು ನೋಡಲಿಲ್ಲ. ಮಧ್ಯಾಹ್ನ ಬುತ್ತಿ ತಂದ ಮಹಾನಂದಾ ಅದನ್ನು ಬಿಚ್ಚಿ ಬಡಿಸಿದಳು. ಆಮೇಲೆ ಮಗಳನ್ನು ಹತ್ತಿರ ಕರೆದು, ಕಣ್ಣು ಮುಚ್ಚೆಂದು ಸನ್ನೆ ಮಾಡಿ, ಅವಳ ಅಂಗೈಯ ಮೇಲೆ ಬೆರಳಿನಿಂದ ಒಂದು ಅಕ್ಷರ ಬರೆದಳು. ಮತ್ತೊಂದು ಬರೆದಳು.

ಸೌಂದರ್ಯಾ ಕಣ್ಣು ಮುಚ್ಚಿಕೊಂಡೇ ತಲೆ ಅಲ್ಲಾಡಿಸಿದಳು.

"ತಿಳೀಲಿಲ್ಲ ಬೇ ಅವ್ವಾ. ಇನ್ನೊಮ್ಮೆ ಬರಿ."