ಎಸಿ ನೀರಿಗೆ ಉಪ್ಪಿಲ್ಲ

ಬೆಳಕು ಹಾಲಿನ ಹಾಗೆ ಇದೆ, ಕಿಟಕಿಯಾಚೆ ಗಲ್ಫಿನ ಈ ಸತ್ವಾ ಪೇಟೆಯೇ ಇಲ್ಲ, ಬರೀ ಮಂಜು, ಎದುರಿನ ಟೈಲರ್ ಅಂಗಡಿಯ ಬೋರ್ಡು ಅರ್ಧ ಕರಗಿಹೋಗಿದೆ, ನಾನು ಮಂಚದ ಮೇಲೆ ನಿಂತಿದ್ದೇನೆ, ಎರಡೂ ಕೈ ಮೇಲೆ, ಅಂಗೈಗಳ ಮೇಲೆ ಹೊಸ ಪ್ಲೈವುಡ್, ಅದರ ಮೇಲೆ ಅಂಟು, ಅಂಟಿನ ಮೇಲೆ ಮರದ ರೀಪು, ರೀಪಿನ ಮೇಲೆ ತಗಡು, ತಗಡಿನಾಚೆ ಏಣಿಯ ಮೇಲೆ ಬೆನೆಡಿಕ್ಟ್ ಬಾಪ್ಪು, ಅಪ್ಪನ ತಮ್ಮ, ನನ್ನನ್ನು ಈ ಊರಿಗೆ ಕರೆಸಿಕೊಂಡವರು — ಇಪ್ಪತ್ತು ನಿಮಿಷ ಅಲ್ಲಾಡಬೇಡ ಶಾರನ್, ಅಂಟು ಹಿಡಿಯುವವರೆಗೆ ನೀನೇ ಕಂಬ, ಕಂಬಕ್ಕೆ ಮೂಗು ತುರಿಸುವುದಿಲ್ಲ, ಗೊತ್ತುಂಟಲ್ಲ. ಮೂಗು ತುರಿಸುತ್ತಿದೆ. ಬಾಪ್ಪು ಏಣಿಯ ಮೇಲೆ ಕಾಲು ಬದಲಿಸಿದಾಗಲೆಲ್ಲ ಇಡೀ ಕ್ಯಾರವಾನ್ ಚಕ್ರಗಳ ಮೇಲೆ ಮೆಲ್ಲ ತೂಗುತ್ತದೆ, ಕಾರಿಗೆ ಕಟ್ಟಿ ಎಳೆಯುವ ಮನೆ, ದೋಣಿಯ ಹಾಗೆ, ಸ್ಪಂಜಿನ ಹಾಸಿಗೆ ಕಾಲಡಿಯಲ್ಲಿ ನೀರಿನ ಹಾಗೆ, ನಾನು ಎಲ್ಲಿಗೋ ಹೋಗುತ್ತಿದ್ದೇನೆ, ಮಂಜಿನಲ್ಲಿ, ಕೈ ಎತ್ತಿಕೊಂಡು, ಯಾರಿಗೋ ಶರಣಾದವಳಂತೆ, ಮತ್ತು ಮೂಲೆಯಲ್ಲಿ, ಇನ್ನೂ ಹಲಗೆ ಹಾಕದ ಮೊಳದಷ್ಟು ಜಾಗದಲ್ಲಿ, ತುಕ್ಕು ಹಿಡಿದ ಒಂದು ಸ್ಕ್ರೂ ಹೊರಗಿನಿಂದ ಒಳಕ್ಕೆ ಮೂತಿ ಚಾಚಿದೆ, ಅದರ ತುದಿಯಲ್ಲಿ ಒಂದು ಹನಿ.

ಹಳೆಯ ಚಾವಣಿ ಹಸುವಿನ ಹೊಟ್ಟೆಯಂತೆ ಜೋತುಬಿದ್ದಿತ್ತಂತೆ, ಕಳೆದ ವಾರ ಕಡಲ ದಂಡೆಯಲ್ಲಿ ಈ ಮಂಚದ ಮೇಲೆಯೇ ಕಳಚಿ ಬಿತ್ತು, ದಿಂಬಿನ ಮೇಲೆ, ಈ ಕ್ಯಾರವಾನಿನ ಮಾಲೀಕರ ತಾಯಿ ಮಲಗುವ ದಿಂಬು — ಅಜ್ಜಿ ನಮಾಜಿಗೆ ಎದ್ದಿದ್ದರು ಮಾರ್ರೆ, ಇಲ್ಲದಿದ್ದರೆ ಮುಖದ ಮೇಲೆಯೇ, ಎಂದ ಅವರ ಡ್ರೈವರ್ ರಶೀದಣ್ಣ, ಉಪ್ಪಳದವನು, ಹೇಳುವಾಗ ತನ್ನ ಕೆನ್ನೆಯನ್ನೇ ಮುಟ್ಟಿಕೊಂಡ. ಆ ಅಜ್ಜಿ ನಿನ್ನೆ ಬಂದಿದ್ದರು, ಚಪ್ಪಲಿ ಹೊರಗೆ ಬಿಟ್ಟು, ನಾನು ಹೊಲಿದ ಕಿಟಕಿಪರದೆಯನ್ನು ಬೆರಳಲ್ಲಿ ಉಜ್ಜಿ ನೋಡಿ, ಚಾವಣಿ ಇಲ್ಲದ ಈ ಮೂಲೆಯಲ್ಲೇ ಮಲಗಿ ಮೇಲೆ ನೋಡಿದರು, ಎದ್ದು ನನ್ನ ಅಂಗೈಯಲ್ಲಿ ಒಂದು ಖರ್ಜೂರ ಇಟ್ಟು ಬೆರಳುಗಳನ್ನು ಮಡಚಿದರು, ಇವತ್ತು ರಾತ್ರಿ ಮತ್ತೆ ಇಲ್ಲೇ ಮಲಗುತ್ತಾರೆ, ದಿಂಬಿನಲ್ಲಿ ಅವರ ತಲೆಯ ತಗ್ಗು ಇನ್ನೂ ಇದೆ, ನನ್ನ ಎಡಗಾಲಿನ ಪಕ್ಕದಲ್ಲಿ. ಎಸಿ ನೀರಿಗೇ ಕೊಳೆತದ್ದು, ಬೇರೆಂತ, ಅಂದರು ಬಾಪ್ಪು ಮೊದಲ ದಿನ ಕತ್ತೆತ್ತಿ ನೋಡಿದ ಕೂಡಲೇ, ಇಪ್ಪತ್ತೆರಡು ವರ್ಷ ನಾನು ಎಸಿ ನೋಡಿದ್ದು, ಈ ದೇಶದಲ್ಲಿ ಮಳೆ ಎಲ್ಲುಂಟು, ಎಸಿ ಸುತ್ತ ಸಂದಿಗೆ ಸಿಲಿಕಾನ್ ಹೊಡೆದರೆ ಖಲಾಸ್. ಹೌದು ಅಂದಿದ್ದೆ, ನಾನು ಎಲ್ಲದಕ್ಕೂ ಹೌದು. ಆದರೆ ಎಸಿಯ ವೈರು ನಿನ್ನೆಯೇ ಬಿಚ್ಚಿಟ್ಟಿದೆ, ಎಸಿ ಓಡಿಲ್ಲ, ಹನಿ ಮಾತ್ರ ಬರುತ್ತಿದೆ, ಬೆಳಿಗ್ಗೆ ಕತ್ತೆತ್ತಿ ನೋಡುವಾಗ ಒಂದು ತುಟಿಯ ಮೇಲೆ ಬಿತ್ತು, ಉಪ್ಪು.

ಉಪ್ಪು ನನಗೆ ಗೊತ್ತು, ಕಲ್ಯಾಣಪುರದಲ್ಲಿ ನಮ್ಮ ಮನೆ ಹೊಳೆಯ ಬದಿ, ಬೇಸಿಗೆಯಲ್ಲಿ ಕಡಲು ಹೊಳೆಗೆ ಏರುತ್ತದೆ, ಹೊಳೆ ಬಾವಿಗೆ, ಮೊದಲ ಕೊಡದ ನೀರು ಅಮ್ಮ ನನ್ನ ನಾಲಿಗೆಗೆ ಹಾಕುತ್ತಿದ್ದಳು, ಹೇಳು ಬಾಯೆ, ನನ್ನ ಮಗಳೆ, ಉಪ್ಪು ಬಂತಾ, ಎಲ್ಲರಿಗಿಂತ ಎರಡು ದಿನ ಮುಂಚೆ ನನಗೆ ತಿಳಿಯುತ್ತಿತ್ತು, ಅಮ್ಮನ ಕಿವಿಯಲ್ಲಿ ಹೇಳುತ್ತಿದ್ದೆ, ಅವಳು ಊರಿಗೆ ಹೇಳುತ್ತಿದ್ದಳು. ಅವಳು ಹಾಸಿಗೆ ಹಿಡಿದ ವರ್ಷ ಶಾಲೆ ಬಿಟ್ಟೆ, ಎಂಟನೇ ಕ್ಲಾಸು, ಲೀಲಮ್ಮ ಟೀಚರ್ ಪ್ರಶ್ನೆ ಕೇಳುವಾಗ ನನ್ನ ಕೈ ಕಿವಿಯವರೆಗೆ ಹೋಗಿ ನಿಲ್ಲುತ್ತಿತ್ತು — ಎತ್ತುವುದಾದರೆ ಪೂರ್ತಿ ಎತ್ತು, ಅರ್ಧ ಕೈ ನನಗೆ ಕಾಣುವುದಿಲ್ಲ. ಈಗ ನೋಡಿ ಟೀಚರ್, ಎರಡೂ ಪೂರ್ತಿ, ಭುಜ ಉರಿಯುತ್ತಿದೆ, ಮಣಿಕಟ್ಟಿನಿಂದ ಬೆವರು ತೋಳಿನೊಳಗೆ ಇಳಿಯುತ್ತಿದೆ, ಮಂಜು ತಗಡಿನ ಮೇಲೆ ಕೂತು, ಅಲ್ಲಿ ಅಂಟಿದ ಕಡಲ ಉಪ್ಪು ಕರಗಿಸಿಕೊಂಡು, ಹೊರಗೆ ನೆರಳಿನ ಬಟ್ಟೆ ಸಿಕ್ಕಿಸುವ ಕಂಬಿಯ ಹಿಂದೆ ಹರಿದು, ಸ್ಕ್ರೂ ಹಿಡಿದು ಒಳಗೆ ಬರುತ್ತಿದೆ, ಎಸಿ ಅಲ್ಲಿ ಚಾವಣಿಯ ನಡುವೆ, ಇದು ಇಲ್ಲಿ ಮೂಲೆಯಲ್ಲಿ, ಕೊನೆಯ ತುಂಡು ಹಾಕಿದರೆ ಯಾರಿಗೂ ಕಾಣುವುದಿಲ್ಲ, ಒಳಗೊಳಗೇ ನೆನೆಯುತ್ತದೆ, ಮತ್ತೆ ಹೊಟ್ಟೆ ಬಿಡುತ್ತದೆ, ದಿಂಬಿನ ಮೇಲೆ.

ಹೊರಗೆ ಹಾರ್ನ್, ರಶೀದಣ್ಣ ಬಾಪ್ಪುವನ್ನು ಕರೆಯುತ್ತಾನೆ, ಬೆನ್ನಿಚ್ಚಾ ಯಲ್ಲಾ, ಬೇಗ, ಅಜ್ಜಿ ಕಾರಿನಲ್ಲಿ ಕೂತಾಯ್ತು, ಬಂದೆ ಮಾರಾಯ, ನಿನ್ನ ಮದುವೆ ದಿಬ್ಬಣವಾ ಇದು, ಅನ್ನುತ್ತಾರೆ ಬಾಪ್ಪು, ಏಣಿ ಇಳಿಯುವ ಸದ್ದು, ಶಾರನ್, ಕೈ ತೆಗಿ, ಹಿಡಿದಿರುತ್ತದೆ, ಮೂಲೆ ಮುಚ್ಚುವಾ. ಕೈ ತೆಗೆಯಲು ಆಗುತ್ತಿಲ್ಲ, ತೆಗೆದರೆ ಮತ್ತೆ ಕಿವಿಯವರೆಗೆ ಬಂದು ನಿಲ್ಲುತ್ತದೆ, ಬಾಪ್ಪು ಕಂಕುಳಲ್ಲಿ ಕೊನೆಯ ತುಂಡು ಇಟ್ಟುಕೊಂಡು ಬಾಗಿಲಲ್ಲಿ, ಬೆರಳೆಲ್ಲ ಬಿಳಿ ಸಿಲಿಕಾನ್, ಬಾಪ್ಪು ಅಂದೆ, ಅನ್ನಲಿಲ್ಲವೇನೋ, ಬಾಪ್ಪು, ಈ ಸಲ ಸದ್ದು ಬಂತು — ಎಸಿ ನೀರಿಗೆ ಉಪ್ಪಿಲ್ಲ. ಎಂತ. ಇದಕ್ಕೆ ಉಪ್ಪುಂಟು, ಮುಚ್ಚಬೇಡಿ, ಅಜ್ಜಿ ಮಲಗುತ್ತಾರೆ. ನೀನು ನೆಕ್ಕಿದೆಯಾ, ಬೆಕ್ಕಾ ನೀನು, ಎಂದರು, ನಗಲಿಲ್ಲ, ನನ್ನನ್ನು ನೋಡಿದರು, ಎಸಿಯ ಕಡೆ ನೋಡಿದರು, ಬಿಚ್ಚಿಟ್ಟ ವೈರು ನೋಡಿದರು, ತುಂಡನ್ನು ನೆಲಕ್ಕೆ ಇಳಿಸಿದರು. ಮಂಚ ಹತ್ತಿ ನನ್ನ ಪಕ್ಕ ನಿಂತರು, ಹನಿಗೆ ಕೈ ಮುಟ್ಟಿಸುವ ಹಾಗಿಲ್ಲ, ಸಿಲಿಕಾನ್, ಕತ್ತು ಹಿಂದಕ್ಕೆ ಬಾಗಿಸಿ, ಚರ್ಚಿನಲ್ಲಿ ಪ್ರಸಾದಕ್ಕೆ ನಿಂತಂತೆ ಕಣ್ಣು ಮುಚ್ಚಿ, ನಾಲಿಗೆ ಚಾಚಿದರು, ಹೊರಗೆ ಹಾರ್ನ್ ಇನ್ನೊಮ್ಮೆ, ನನ್ನ ಕೈ ಇನ್ನೂ ಮೇಲೆ, ಸ್ಕ್ರೂವಿನ ತುದಿಯಲ್ಲಿ ಹನಿ, ತುಂಬುತ್ತಿದೆ, ಉದ್ದವಾಗುತ್ತಿದೆ, ಹನಿಯೊಳಗೆ ಕಿಟಕಿ, ಕಿಟಕಿಯೊಳಗೆ ಮಂಜು, ಬೀಳುವುದಿಲ್ಲ, ಇನ್ನೂ, ಹನಿ —