ಎರಡನೇ ಕೂಗು

"ಲೇ ಬಾತುಕೋಳಿ, ಬಾಯಿಗೆ ಬೀಗ ಹಾಕ್ಕೊಂಡು ಸೀಡಿ ಇಡೇ. ಒಂದು ಬಟ್ಟೆಗಂಟಿಗೆ ಒಂದು. ಗಿರಾಕಿಗಳು ಮನೇಲಿ ಬಿಚ್ಚಿ ನೋಡಿ ಹೊಟ್ಟೆ ಹುಣ್ಣಾಗೋ ಹಾಗೆ ನಗಲಿ."

ಧಣಿ ಹಲ್ಲಿನ ಸಂದಿಯಿಂದ ಏನನ್ನೋ ಕಿತ್ತು ತೊಳೆದ ಬಟ್ಟೆಯ ರಾಶಿಯ ಮೇಲೇ ಉಗಿದ. ಇಸ್ತ್ರಿಯಕ್ಕ ಆ ಅಂಗಿಯನ್ನು ಎತ್ತಿ ಮತ್ತೆ ನೀರಿಗೆ ಹಾಕಿದಳು. ಇಪ್ಪತ್ತು ವರ್ಷಗಳಿಂದ ಈ ಲಾಂಡ್ರಿಯಲ್ಲಿ ಊರವರ ಬೆವರು, ವಾಂತಿ, ಹಾಸಿಗೆಯ ಕಲೆ ಎಲ್ಲ ಅವಳ ಕೈಮೇಲೆ ಹಾದುಹೋಗಿದ್ದವು. ಬಾತುಕೋಳಿ ಎಂಬ ಹೆಸರು ಮಾತ್ರ ನಿನ್ನೆಯದು.

ನಿನ್ನೆ ಊಟದ ಬಿಡುವಿನಲ್ಲಿ ಧಣಿ ಕೆಲಸದವರನ್ನೆಲ್ಲ ಟಿವಿಯ ಮುಂದೆ ಕೂರಿಸಿದ್ದ. ಹೋದ ವರ್ಷ ಇದೇ ಲಾಂಡ್ರಿಯಲ್ಲಿ ತೆಗೆದ ಪ್ರೇಮದ ಸಿನಿಮಾ. ಯಾವ ಟಾಕೀಸೂ ಮೂಸದೆ ನೇರ ಸೀಡಿಯಾಗಿ ಬಿಡುಗಡೆಗೆ ಸಿದ್ಧವಾಗಿತ್ತು. ನಾಯಕಿ ಸೋಪಿನ ನೊರೆ ಊದುತ್ತಾಳೆ. ನಾಯಕ ಕಣ್ಣು ಹೊಡೆಯುತ್ತ ಹಬೆಯ ಪ್ರೆಸ್ಸಿಗೆ ಒರಗಿ, ಪೆಡಲಿನ ಮೇಲೆ ಕಾಲಿಡುತ್ತಾನೆ. ಕಾದ ಹಲಗೆ ಕೆಳಗಿಳಿದು ಇಸ್ತ್ರಿಯವಳ ಕೈಯನ್ನು ಕಚ್ಚುತ್ತದೆ. ಅವಳು ಬಾಯಿ ತೆರೆದರೆ ಬರುವುದು ಬಾತುಕೋಳಿಯ ದನಿ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಬಟ್ಟೆ ಮಡಚುವ ಇಸ್ತ್ರಿಯಕ್ಕನ ಮಗಳೂ ನಕ್ಕಳು. ಆಮೇಲೆ ಟಿವಿಯ ಹತ್ತಿರಕ್ಕೆ ಸರಿದು ನೋಡಿದಳು.

"ಅವ್ವಾ, ಅದು ನೀನು. ನಾನೇ ಕೈ ಜಾರಿ ಸುಟ್ಕೊಂಡೆ ಅಂದಿದ್ಯಲ್ಲ?"

ಹಾಗೆ ಹೇಳಬೇಕೆಂದು ಕಲಿಸಿದ್ದವನು ಧಣಿ. ಶೂಟಿಂಗಿನ ದಿನ ಕೈ ನಿಜವಾಗಿಯೇ ಸುಟ್ಟಾಗ, ಮೊದಲ ಕೂಗಿಗೆ ಕ್ಯಾಮೆರಾದಲ್ಲಿ ಅವಳ ಬೆನ್ನಷ್ಟೇ ಸಿಕ್ಕಿತ್ತು. "ಚೆನ್ನಾಗಿತ್ತು ಕಣಮ್ಮ, ಮುಖ ಬೀಳಲಿಲ್ಲ. ಇನ್ನೊಂದ್ಸಲ ಕೂಗು," ಎಂದಿದ್ದ ನಿರ್ದೇಶಕ. ಧಣಿ ಬಾಗಿಲಿಗೆ ಅಡ್ಡ ನಿಂತಿದ್ದ. "ಕೂಗೇ ಮುಂಡೆ. ಕೂಗಿದ ಮೇಲೇ ಆಸ್ಪತ್ರೆ." ಅಂಗೈ ಚರ್ಮ ಇನ್ನೂ ಪ್ರೆಸ್ಸಿನ ಬಟ್ಟೆಗೆ ಅಂಟಿಕೊಂಡಿತ್ತು. ಅವಳು ಕೂಗಿದಳು. ಅಜ್ಜಿ ಹೇಳುತ್ತಿದ್ದ ಕಥೆಗಳ ರಾಕ್ಷಸರು ಕೂಡ ಒಂದು ಜೀವವನ್ನು ಒಂದೇ ಸಲ ತಿನ್ನುತ್ತಿದ್ದರು.

"ನಾನು ಇಡಲ್ಲ," ಎಂದಳು ಮಗಳು ಈಗ, ಸೀಡಿಗಳನ್ನು ಎದೆಗವಚಿಕೊಂಡು.

"ಇಡದಿದ್ರೆ ಇಬ್ರೂ ಎದ್ದು ನಡೀರಿ. ಸಂಜೆ ಸೀಡಿ ಬಿಡುಗಡೆ ಇದೆ. ನನ್ನ ಬಿಳಿ ಕೋಟು ಗರಿಗರಿ ಆಗಿರ್ಬೇಕು. ನೀನೂ ಬಾರೇ ಬಾತುಕೋಳಿ. ಸ್ಟೇಜ್ ಮೇಲೆ ಒಂದ್ಸಲ ಕ್ವಾಕ್ ಅನ್ನು, ಜನ ಖುಷಿಯಾಗ್ತಾರೆ."

ಅವನು ಒಳಗೆ ಹೋದ. ಇಸ್ತ್ರಿಯಕ್ಕ ಕೋಟನ್ನು ಪ್ರೆಸ್ಸಿನ ಮೇಲೆ ಹಾಸಿ, ಸುಕ್ಕು ಸವರಿದಳು. ಮಗಳ ಕೈಯಿಂದ ಸೀಡಿಗಳನ್ನು ತೆಗೆದು ಕೋಟಿನ ಎದೆಯ ಮೇಲೆ ಒಂದೊಂದಾಗಿ ಇಟ್ಟಳು, ಗುಂಡಿ ಹೊಲಿದ ಹಾಗೆ. ಸೀಡಿಗಳ ಹೊದಿಕೆಯ ಮೇಲೆಲ್ಲ ಬಾಯಿ ತೆರೆದ ಅವಳದೇ ಮುಖ.

"ತುಳಿ ಮಗಳೇ."

ಮಗಳು ಪೆಡಲು ತುಳಿದಳು. ಪ್ಲಾಸ್ಟಿಕ್ ಕರಗಿದ ನಾತ ಕೋಣೆ ತುಂಬಿತು. ಕೂದಲು ಸುಟ್ಟಂಥದ್ದಲ್ಲ, ಚರ್ಮ ಸುಟ್ಟಂಥದ್ದೂ ಅಲ್ಲ. ಆ ಎರಡನ್ನೂ ಇಸ್ತ್ರಿಯಕ್ಕ ಬಲ್ಲಳು.

ಧಣಿ ಓಡಿಬಂದ. "ಬೇವರ್ಸಿಗಳಾ, ನನ್ನ ಕೋಟು, ಕಾಲು ತೆಗಿಯೇ!" ಮಗಳು ಕಾಲೆತ್ತಿದಳು. ಹಲಗೆ ಮೇಲೆದ್ದಿತು. ಅವನು ಮೊಣಕೈವರೆಗೆ ಕೈ ತೂರಿಸಿ ಕೋಟು ಎಳೆದ. ಅದು ಪ್ರೆಸ್ಸಿಗೆ ಮೆತ್ತಿಕೊಂಡಿತ್ತು. ಎಳೆಯುತ್ತಲೇ ಇದ್ದ, ಕೆಳಗೆ ನೋಡುವವರೆಗೆ. ಹುಡುಗಿಯ ಕಾಲು ಮತ್ತೆ ಪೆಡಲಿನ ಮೇಲಿತ್ತು. ಇನ್ನೂ ತುಳಿದಿರಲಿಲ್ಲ. ಕರಗಿದ ಪ್ಲಾಸ್ಟಿಕ್ಕಿನಲ್ಲಿ ಅವನ ಬೆರಳುಗಳು ಅಂಟಿಕೊಂಡಿದ್ದವು.

"ಅಕ್ಕಾ," ಎಂದ ಧಣಿ. ಆ ಹೆಸರಿನಿಂದ ಅವಳನ್ನು ಅವನು ಎಂದೂ ಕರೆದವನಲ್ಲ. "ಅಕ್ಕಾ, ಅವಳಿಗೆ ಹೇಳಕ್ಕಾ."

ಮಗಳು ಅವ್ವನ ಮುಖ ನೋಡಿದಳು.

ಇಸ್ತ್ರಿಯಕ್ಕ ಹೋಗಿ ಬಾಗಿಲಿಗೆ ಅಡ್ಡ ನಿಂತಳು.